ಹೊಲದ ಮರಕ್ಕೆ ಒಡೆಯರು ಯಾರು?

ಕೃಷಿ ಅರಣ್ಯ ಎಂಬುದು ಒಂದು ಶಾಸ್ತ್ರವಾಗಿ ಬೆಳೆದದ್ದು ಕಳೆದ ಐದು ದಶಕಗಳಲ್ಲಿ. ಪದ್ಧತಿ ಮಾತ್ರ ತೀರ ಹಳೆಯದು. ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟ, ಬಯಲುಸೀಮೆಯ ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ, ಉತ್ತರ ಕರ್ನಾಟಕದ ಎರೆಹೊಲದ ನಡುವೆ ಕರಿಜಾಲಿ: ಇವನ್ನು ಯಾವ ಸಂಸ್ಥೆಯೂ ಹೇಳಿಕೊಟ್ಟಿದ್ದಲ್ಲ.

ಸರ್ಕಾರಗಳು ಇತ್ತ ಕಣ್ಣು ಹಾಕಿದ್ದು ಮರದ ಆಸೆಗೆ. 1856ರಲ್ಲಿ ಬರ್ಮಾಕ್ಕೆ ಬಂದ ಜರ್ಮನ್ ಅರಣ್ಯಾಧಿಕಾರಿ ಡೀಟ್ರಿಶ್ ಬ್ರಾಂಡಿಸ್, ಕುಮರಿ ಬೇಸಾಯ ಮಾಡುತ್ತಿದ್ದ ಕರೆನ್ ಜನರಿಂದ ಭತ್ತದ ನಡುವೆ ತೇಗ ನೆಡಿಸಿದರು. 'ಟಾಂಗ್ಯಾ' ಎಂದು ಹೆಸರಾದ ಈ ಕ್ರಮದಲ್ಲಿ ನೆರಳು ಕವಿಯುವವರೆಗಿನ ಒಂದೆರಡು ಬೆಳೆಯಷ್ಟೇ ರೈತನದು, ತೇಗ ಸರ್ಕಾರದ್ದು.

ರೈತನ ಕಡೆಯಿಂದ ಯೋಚಿಸುವ ಸಂಶೋಧನೆಗೆ ಕೆನಡಾದ ಜಾನ್ ಬೆನೆ ನೇತೃತ್ವದ 1977ರ ವರದಿ ದಾರಿಮಾಡಿತು. ಅದರ ಫಲವಾಗಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ನೈರೋಬಿಯಲ್ಲಿ ನೆಲೆಗೊಂಡಿತು. ಅದೇ ಹೊತ್ತಿಗೆ ನೈಜೀರಿಯಾದ ಇಬಾದಾನ್‌ನಲ್ಲಿ ವಿಜ್ಞಾನಿಗಳು ಸುಬಾಬುಲ್, ಗ್ಲಿರಿಸಿಡಿಯಾ ಸಾಲುಗಳ ನಡುವೆ ಮೆಕ್ಕೆಜೋಳ ಬೆಳೆಯತೊಡಗಿದ್ದರು. ಈ ಗಿಡಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಸೊಪ್ಪು ಸವರಿ ಹಾಸಿದರೆ ಅದೇ ಗೊಬ್ಬರ. 1980ರ ದಶಕದಲ್ಲಿ ಇದು ಉಷ್ಣವಲಯಕ್ಕೆಲ್ಲ ಮದ್ದು ಎಂಬಂತೆ ಪ್ರಚಾರವಾಯಿತು. ಆದರೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಲ್ಲಿದ್ದಂಥ ಒಣಭೂಮಿಯ ತಾಕುಗಳಲ್ಲಿ ಸುಬಾಬುಲ್ ಬೇರು ಬೆಳೆಯ ಪಾಲಿನ ನೀರನ್ನೇ ಕುಡಿಯಿತು, ಇಳುವರಿ ಇಳಿಯಿತು. ಬಿತ್ತನೆಯ ತುರುಸಿನಲ್ಲೇ ಸೊಪ್ಪು ಸವರಲು ಆಳು ಎಲ್ಲಿಂದ ತರುವುದು? ಜೊತೆಗೆ ಎಲೆ ಹೀರುವ ಸಿಲ್ಲಿಡ್ ಕೀಟ ಏಷ್ಯಾದ ಸುಬಾಬುಲ್ಲನ್ನು ಮುತ್ತಿತು. ಮಳೆ ಚೆನ್ನಾಗಿರುವ ಕಡೆ ಈ ವಿಧಾನ ಈಗಲೂ ಕೆಲಸ ಮಾಡುತ್ತದೆ. ತಪ್ಪಾದದ್ದು ಒಂದೇ ಮಾದರಿಯನ್ನು ಎಲ್ಲ ನೆಲಕ್ಕೂ ಹೇರಿದ್ದು.

ನನ್ನ ಮಟ್ಟಿಗೆ ಈ ಚರಿತ್ರೆಯ ಅತಿ ದೊಡ್ಡ ಪಾಠ ಇರುವುದು ನೈಜರ್ ದೇಶದಲ್ಲಿ. ಅಲ್ಲಿ ನೆಟ್ಟ ಸಸಿಗಳೆಲ್ಲ ಒಣಗುತ್ತಿದ್ದಾಗ, 1983ರ ಸುಮಾರಿಗೆ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಮರಾಡಿ ಪ್ರದೇಶದ ರೈತರೊಡನೆ ಬೇರೆ ದಾರಿ ಹಿಡಿದರು. ಕಡಿದ ಮರಗಳ ಬೇರು ನೆಲದೊಳಗೆ ಜೀವಂತವಾಗಿಯೇ ಇತ್ತು. ಬುಡದಲ್ಲಿ ಒಡೆದ ಚಿಗುರಿನಲ್ಲಿ ಗಟ್ಟಿಯಾದವನ್ನು ಉಳಿಸಿ, ಮಿಕ್ಕವನ್ನು ಸವರಿದರು. ನರ್ಸರಿಯ ಖರ್ಚಿಲ್ಲ, ನೀರು ಹೊರುವ ಕೆಲಸವಿಲ್ಲ. ಆ ಸೀಮೆಯ ಫೈಡರ್ಬಿಯಾ ಮರವಂತೂ ಮಳೆಗಾಲದಲ್ಲಿ ಎಲೆ ಉದುರಿಸಿ ಸಜ್ಜೆಗೆ ಬಿಸಿಲು ಬಿಟ್ಟುಕೊಡುತ್ತದೆ, ಬೇಸಿಗೆಯಲ್ಲಿ ದನಕ್ಕೆ ಮೇವು ಕೊಡುತ್ತದೆ. ಈ ಪದ್ಧತಿ ಸುಮಾರು 50 ಲಕ್ಷ ಹೆಕ್ಟೇರಿಗೆ ಹಬ್ಬಿತು. ಕಾನೂನಿನಲ್ಲಿ ಸರ್ಕಾರದ ಸ್ವತ್ತಾಗಿದ್ದ ಮರವನ್ನು ರೈತ ತನ್ನದೆಂದು ಕಾಣುವಂತಾದದ್ದು ಅದಕ್ಕೆ ಮುಖ್ಯ ಕಾರಣ.

ಭಾರತದಲ್ಲಿ ಕೃಷಿ ಅರಣ್ಯಕ್ಕೆಂದೇ 1983ರಲ್ಲಿ ಅಖಿಲ ಭಾರತ ಸಮನ್ವಯ ಯೋಜನೆ, 1988ರಲ್ಲಿ ಝಾನ್ಸಿಯ ಸಂಶೋಧನಾ ಕೇಂದ್ರ ಬಂದವು. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿ ರೂಪಿಸಿದ ಮೊದಲ ದೇಶ ನಮ್ಮದಾಯಿತು. ಕರ್ನಾಟಕ 2001ರಲ್ಲಿ ಕಾನೂನು ತಿದ್ದಿ, ಜಮೀನಿನ ಶ್ರೀಗಂಧಕ್ಕೆ ರೈತನನ್ನೇ ಒಡೆಯನನ್ನಾಗಿ ಮಾಡಿತು. 2011ರಿಂದ ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವನ್ನೂ ಕೊಡತೊಡಗಿತು.

ಇಷ್ಟಾದರೂ ಕೊಡಗಿನ ಕಾಫಿ ತೋಟ ನೋಡಿ. ಕಾಡುಮರಗಳ ನೆರಳಿದ್ದಲ್ಲಿ ಸಿಲ್ವರ್ ಓಕ್ ಹಬ್ಬುತ್ತಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒದಗುತ್ತದೆ ಎಂಬುದು ನಿಜ; ಕಡಿದು ಮಾರಲು ತೊಡಕಿಲ್ಲ ಎಂಬುದು ಅಷ್ಟೇ ದೊಡ್ಡ ಕಾರಣ. ಅದಕ್ಕಿರುವ ಸಲೀಸು, ರೈತ ತಾನೇ ನೆಟ್ಟು ಬೆಳೆಸಿದ ಬೀಟೆ, ಹೊನ್ನೆ, ನಂದಿಗೂ ಸಿಗಬೇಕು.