ಅರವತ್ತು ರೂಪಾಯಿಯ ಚೌಕಾಸಿ

ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ಗೊತ್ತುಮಾಡಬಹುದೇ? ಕರ್ನಾಟಕದಲ್ಲಿ ಈ ಪ್ರಶ್ನೆ ಬೀದಿಗೆ ಬಂದದ್ದು 2017ರ ನವೆಂಬರಿನಲ್ಲಿ. ಬೆಳಗಾವಿಯಲ್ಲಿ ಅಧಿವೇಶನ ನಡೆದಿತ್ತು, ಹೊರಗೆ ವೈದ್ಯರು ಧರಣಿ ಕೂತಿದ್ದರು, ಊರೂರುಗಳಲ್ಲಿ ಖಾಸಗಿ ಆಸ್ಪತ್ರೆಗಳು ಹೊರರೋಗಿಗಳಿಗೆ ಬಾಗಿಲು ಹಾಕಿದ್ದವು. ಆ ಗದ್ದಲ ಹಲವರಿಗೆ ನೆನಪಿದೆ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಇದೇ ರಾಜ್ಯದಲ್ಲಿ, ಅದೇ ಖಾಸಗಿ ಆಸ್ಪತ್ರೆಗಳ ಒಪ್ಪಿಗೆಯಿಂದಲೇ, ಶಸ್ತ್ರಚಿಕಿತ್ಸೆಗಳಿಗೆ ದರ ಗೊತ್ತಾಗಿತ್ತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಅದು 2003ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ. ಹೃದ್ರೋಗ ತಜ್ಞ ದೇವಿ ಶೆಟ್ಟಿಯವರ ಯೋಚನೆ, ಎಸ್.ಎಂ. ಕೃಷ್ಣ ಸರ್ಕಾರದ ಒತ್ತಾಸೆ. ಸಹಕಾರ ಸಂಘದ ಸದಸ್ಯರಾದ ರೈತರು ತಲಾ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕು. ಹಾಲಿನ ಡೇರಿ, ಪತ್ತಿನ ಸಂಘಗಳ ಜಾಲ ಹಳ್ಳಿಗಳಲ್ಲಿ ಆಗಲೇ ಇತ್ತು. ವಂತಿಗೆ ಆ ದಾರಿಯಲ್ಲೇ ಬಂತು. ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ. ಅಷ್ಟು ಜನರನ್ನು ಬೆನ್ನಿಗಿಟ್ಟುಕೊಂಡು ಯಶಸ್ವಿನಿ ಟ್ರಸ್ಟ್ ಮಾತಿಗೆ ಕೂತಾಗ, ಇಂಥ ಶಸ್ತ್ರಚಿಕಿತ್ಸೆಗೆ ಒಟ್ಟು ಇಷ್ಟೇ ಎಂದು ಮೊದಲೇ ತೀರ್ಮಾನಿಸುವುದು ಸಾಧ್ಯವಾಯಿತು. ಆಸ್ಪತ್ರೆಗಳಿಗೂ ಖಾಲಿ ಹಾಸಿಗೆ ತುಂಬುವುದು ಬೇಕಿತ್ತು. ಸಂತೆಯಲ್ಲಿ ಒಂದು ಕೇಜಿ ಕೊಳ್ಳುವವನಿಗೂ ಒಂದು ಮೂಟೆ ಕೊಳ್ಳುವವನಿಗೂ ಇರುವ ವ್ಯತ್ಯಾಸ ಇದು. ಕೊರತೆಗಳೂ ಇದ್ದವು: ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಷ್ಟೇ ಸೀಮಿತ, ಸಂಘದ ಸದಸ್ಯತ್ವವಿಲ್ಲದ ಕೂಲಿಯವರು ಹೊರಗೇ ಉಳಿದರು.

2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಇದೇ ಜಾಡಿನದು. ಅಲ್ಲಿ ಬಿಪಿಎಲ್ ಕುಟುಂಬಗಳ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಬಿಲ್ಲನ್ನು ಸರ್ಕಾರವೇ ಕಟ್ಟಿತು. ದರ ಅಲ್ಲೂ ಮೊದಲೇ ನಿಗದಿ.

ಕಾನೂನಿನ ದಾರಿ ಬೇರೆಯೇ ಆಗಿತ್ತು. 1976ರ ನರ್ಸಿಂಗ್ ಹೋಂ ಕಾಯ್ದೆಯ ಜಾಗಕ್ಕೆ ಬಂದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಆಸ್ಪತ್ರೆಗಳು ತಮ್ಮ ದರವನ್ನು ಪ್ರಕಟಿಸಬೇಕೆಂದಿತು. ಎದೆ ಹಿಡಿದುಕೊಂಡು ಬಂದವನು ದರಪಟ್ಟಿ ಓದಿ ಪಕ್ಕದ ಆಸ್ಪತ್ರೆಗೆ ಹೋಗುತ್ತಾನೆಯೇ?

2017ರ ತಿದ್ದುಪಡಿ ಮಸೂದೆಗೆ ಇದರ ಅರಿವಿತ್ತು. ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿಯ ಬಳಿಕ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದ ಕರಡಿನಲ್ಲಿ ಸರ್ಕಾರವೇ ಚಿಕಿತ್ಸೆಗಳ ದರ ನಿಗದಿಪಡಿಸುವ ಅಧಿಕಾರವಿತ್ತು, ಮೀರಿದರೆ ಜೈಲು ಎಂಬ ಎಚ್ಚರಿಕೆಯೂ ಇತ್ತು. ವೈದ್ಯರು ಸಿಡಿದೆದ್ದರು. ಅವರ ಮಾತೆಲ್ಲ ಸ್ವಾರ್ಥದ್ದೆನ್ನಲಾರೆ. ಸರ್ಕಾರಿ ಆಸ್ಪತ್ರೆಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟದ್ದೇಕೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ರೋಗಿಗಳನ್ನು ಬಾಗಿಲಲ್ಲಿ ನಿಲ್ಲಿಸಿ ಆ ಪ್ರಶ್ನೆ ಕೇಳಿದ್ದನ್ನು ಒಪ್ಪುವುದು ಕಷ್ಟ.

ಮುಷ್ಕರ ಮುಗಿದು ಮಸೂದೆ ಅಂಗೀಕಾರವಾಗುವಾಗ ಅದರ ಹಲ್ಲು ಉದುರಿತ್ತು. ಒಳ್ಳೆಯ ಅಂಶಗಳು ಕೆಲವು ಉಳಿದವು: ಬಾಕಿ ಹಣಕ್ಕಾಗಿ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ, ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ. ದರ ನಿಗದಿ ಮಾತ್ರ ಸರ್ಕಾರಿ ಯೋಜನೆಗಳ ಚಿಕಿತ್ಸೆಗಷ್ಟೇ ಎಂದಾಯಿತು. ಅಂದರೆ, ಕೊಳ್ಳುವವನಾಗಿ ಆಗಲೇ ಗಳಿಸಿದ್ದಷ್ಟನ್ನೇ ಸರ್ಕಾರ ಕಾನೂನಿನಲ್ಲಿ ಮತ್ತೊಮ್ಮೆ ಬರೆದುಕೊಂಡಿತು. ಸಾಲ ತಂದು, ಒಡವೆ ಅಡವಿಟ್ಟು ತಾನೇ ಬಿಲ್ ಕಟ್ಟುವವನ ಪರವಾಗಿ ಚೌಕಾಸಿ ಮಾಡುವವರು ಯಾರೂ ಇರಲಿಲ್ಲ.

ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿಹೋಯಿತು. ಸಹಕಾರಿಗಳು ಬಿಡಲಿಲ್ಲ. 2022ರ ಕೊನೆಗೆ ಮತ್ತೆ ನೋಂದಣಿ ಶುರುವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ.