ಮುಖ ಅನಂತ್ ಅವರದು, ಕಂಠ ಬಾಲಮುರಳಿಯವರದು. ಹಾಗಾದರೆ ನಟನೆ?

1975ನೇ ಸಾಲಿನ ರಾಷ್ಟ್ರ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ನೋಡಿದರೆ ಪುಣೆಯಲ್ಲಿ ಕೂತ ಕನ್ನಡಿಗನಿಗೂ ಎದೆ ಉಬ್ಬುತ್ತದೆ. ದೇಶದ ಅತ್ಯುತ್ತಮ ಚಿತ್ರ ಬಿ.ವಿ. ಕಾರಂತರ 'ಚೋಮನ ದುಡಿ'. ಅತ್ಯುತ್ತಮ ನಟ ಅದೇ ಚಿತ್ರದ ಚೋಮ, ಅಂದರೆ ಎಂ.ವಿ. ವಾಸುದೇವರಾವ್. ಕನ್ನಡದ ಅತ್ಯುತ್ತಮ ಚಿತ್ರ ಜಿ.ವಿ. ಅಯ್ಯರ್ ಅವರ 'ಹಂಸಗೀತೆ'. ಅತ್ಯುತ್ತಮ ಹಿನ್ನೆಲೆ ಗಾಯಕ ಹಂಸಗೀತೆಗೆ ಹಾಡಿದ ಎಂ. ಬಾಲಮುರಳಿಕೃಷ್ಣ. ಆ ಹಾಡುಗಳಿಗೆ ತೆರೆಯ ಮೇಲೆ ತುಟಿ ಕೊಟ್ಟ, ಕೊರಳು ಕೊಟ್ಟ, ಕಣ್ಣು ಕೊಟ್ಟ ತರುಣ ಅನಂತನಾಗ್. ಅವರ ಹೆಸರು ಪಟ್ಟಿಯಲ್ಲಿಲ್ಲ.

ಅದರ ಹಿಂದಿನ ವರ್ಷವೂ ಹೀಗೇ ಆಗಿತ್ತು. ಶ್ಯಾಮ್ ಬೆನಗಲ್ ಅವರ 'ಅಂಕುರ್' (1974) ನೆನಪಿದೆಯಲ್ಲವೇ? ಹೈದರಾಬಾದ್ ಸೀಮೆಯ ಹಳ್ಳಿಗೆ ಬರುವ ಜಮೀನ್ದಾರನ ಮಗ ಸೂರ್ಯ, ಅವನ ಮನೆಗೆಲಸದ ಲಕ್ಷ್ಮಿ, ಅವಳ ಗಂಡ ಕಿವುಡ-ಮೂಗ ಕಿಷ್ಟಯ್ಯ. ಲಕ್ಷ್ಮಿಯಾದ ಶಬಾನಾ ಆಜ್ಮಿಗೆ ಅತ್ಯುತ್ತಮ ನಟಿ ಪ್ರಶಸ್ತಿ, ಕಿಷ್ಟಯ್ಯನಾದ ಸಾಧು ಮೆಹೆರ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಸೂರ್ಯನಾದ ಅನಂತನಾಗ್ ಇವರಿಬ್ಬರ ನಡುವೆ ಸುಂದರವಾಗಿ ನಿಂತಿದ್ದರು, ಅಷ್ಟೆ. ಬಹುಮಾನ ಪಡೆದವರು ಅದಕ್ಕೆ ಅರ್ಹರೇ, ತಕರಾರಿಲ್ಲ. ಆದರೆ ಎರಡು ವರ್ಷ, ಎರಡು ಚಿತ್ರ, ಎರಡರಲ್ಲೂ ಕಥೆಯ ಭಾರ ಹೊತ್ತವನನ್ನು ಬಿಟ್ಟು ಅಕ್ಕಪಕ್ಕದವರಿಗೆ ಹಾರ ಬಿದ್ದರೆ ಒಂದು ಅನುಮಾನ ಬಾರದೇ ಇರದು. ಮನುಷ್ಯ ಚೆಲುವನಾಗಿದ್ದರೆ ಅವನು ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲವೇ?

ಕಾಲವೂ ಹಾಗಿತ್ತು ಅನ್ನಿ. ಹೊಸ ಅಲೆಯ ಸಿನಿಮಾಕ್ಕೆ ಸುಂದರ ನಾಯಕರೆಂದರೆ ಅಲರ್ಜಿ. ನಮ್ಮ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಆಗ ಹೊರಬಂದ ನಾಸಿರುದ್ದೀನ್ ಶಾ, ಓಂ ಪುರಿ ಅವರ ಮುಖಗಳೇ ಹೊಸ ನಟನೆಯ ಗುರುತಾಗುತ್ತಿದ್ದವು. ಒರಟು ಚರ್ಮ, ಸಾಮಾನ್ಯ ಎತ್ತರ, ನಮ್ಮ ಬೀದಿಯಲ್ಲೇ ಸಿಗುವಂಥ ಚಹರೆ ಇದ್ದರೆ 'ಇದು ನಿಜ' ಎನ್ನುತ್ತಿದ್ದರು ವಿಮರ್ಶಕರು. ಅನಂತ್ ಮುಂಬೈ ರಂಗಭೂಮಿಯಲ್ಲಿ ಕೊಂಕಣಿ, ಮರಾಠಿ, ಕನ್ನಡ, ಹಿಂದಿ ನಾಟಕಗಳಲ್ಲಿ ಪಳಗಿ ಬಂದವರು. ಆದರೂ ಆ ಮೂಗು, ಆ ಕಣ್ಣು, ಆ ನಗು ನೋಡಿದವರು 'ಹೀರೋ' ಎಂದು ಬರೆದುಕೊಂಡು ಮುಂದೆ ಹೋದರು.

ಈ ಅಪವಾದದಲ್ಲಿ ನಮ್ಮ ರೇಡಿಯೋದ ಪಾಲೂ ಉಂಟು. ಹಾಡು ಹಾಕುವಾಗ ನಾವು ಏನು ಹೇಳುತ್ತೇವೆ? ಚಿತ್ರ ಇಂಥದ್ದು, ಹಾಡಿದವರು ಇಂಥವರು, ಸಂಗೀತ ಇವರದು, ಸಾಹಿತ್ಯ ಅವರದು. ನಟನ ಹೆಸರು ಹೇಳುವ ಪದ್ಧತಿಯೇ ಇಲ್ಲ. ಹಂಸಗೀತೆ ಎಂದರೆ ಬಾಲಮುರಳಿ ಎಂದು ಎಷ್ಟೋ ಮನೆಗಳಲ್ಲಿ ಕೂತುಬಿಟ್ಟಿದೆ.

ಈಗ ಕಥೆಗೆ ಬರೋಣ. ಹಂಸಗೀತೆ ತ.ರಾ.ಸು. ಅವರ ಕಾದಂಬರಿ. ಚಿತ್ರದುರ್ಗದ ಕೋಟೆ, ಪಾಳೆಯಗಾರರು, ಅವರ ಏಳುಬೀಳು, ಇದೆಲ್ಲ ತ.ರಾ.ಸು. ಅವರ ಸ್ವಂತ ಹೊಲ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಸೆರೆ ಒಯ್ದ ಮೇಲೆ ಅಲ್ಲಿ ಬರೀ ಒಂದು ಅರಸು ಮನೆತನ ಬೀಳಲಿಲ್ಲ, ಅದರ ನೆರಳಲ್ಲಿದ್ದ ಪಂಡಿತರು, ನರ್ತಕಿಯರು, ಹಾಡುಗಾರರು ಎಲ್ಲರ ಆಸರೆಯೂ ಬಿತ್ತು. ಆ ಸಂಧಿಕಾಲದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಸುತ್ತ ಇರುವ ಐತಿಹ್ಯವನ್ನು ಹಿಡಿದು ಕಾದಂಬರಿ ಬೆಳೆಯುತ್ತದೆ. ಅರಸನ ಅಪ್ಪಣೆಗೆ ಹಾಡುವ ಬದಲು ನಾಲಿಗೆಯನ್ನೇ ಕತ್ತರಿಸಿ ದೇವರಿಗೆ ಒಪ್ಪಿಸಿದ ಎನ್ನುವುದು ಆ ಐತಿಹ್ಯ. (ಅಂದಹಾಗೆ, ಪುಣೆಯ ಬೈಠಕ್‌ಗಳ ಕೊನೆಗೆ ನಾವು ಕೇಳುವ ಭೈರವಿ ಬೇರೆ, ಕರ್ನಾಟಕ ಸಂಗೀತದ ಭೈರವಿ ಬೇರೆ. ಹೆಸರು ಒಂದೇ, ಮನೆ ಎರಡು.)

ಈ ಕಾದಂಬರಿ ಕನ್ನಡ ತೆರೆಗೆ ಬರುವ ಮೊದಲೇ ಹಿಂದಿಗೆ ಹೋಗಿತ್ತು. 1956ರ 'ಬಸಂತ್ ಬಹಾರ್' ಇದೇ ಕಥೆಯನ್ನು ಆಧರಿಸಿದ್ದು. ದುರ್ಗದ ಕಲ್ಲುಬಂಡೆಗಳೆಲ್ಲ ಮಾಯವಾಗಿ ಉತ್ತರದ ಆಸ್ಥಾನ ಬಂತು, ಕರ್ನಾಟಕ ಸಂಗೀತ ಹೋಗಿ ಹಿಂದೂಸ್ತಾನಿ ಬಂತು. ನಾಯಕ ಭರತ್ ಭೂಷಣ್. 'ಬೈಜು ಬಾವ್ರಾ' (1952) ಆದ ಮೇಲೆ ಹಾಡುವ, ಅಳುವ, ಮೃದು ಮುಖದ ನಾಯಕ ಬೇಕೆಂದರೆ ಹಿಂದಿಯವರು ಕರೆಯುತ್ತಿದ್ದುದು ಅವರನ್ನೇ. ಶಂಕರ್ ಜೈಕಿಷನ್ ಅವರು ಆ ಒಂದು ಮುಖಕ್ಕೆ ಎರಡು ಕಂಠ ಕೊಟ್ಟರು: ಮನ್ನಾ ಡೇ ಮತ್ತು ಮೊಹಮ್ಮದ್ ರಫಿ. ಆಸ್ಥಾನದ ಸ್ಪರ್ಧೆಯಲ್ಲಿ ನಾಯಕನ ಎದುರು ಸೋಲುವ ಗಾಯಕನಿಗೆ ದನಿಯಾದವರು ಯಾರು ಗೊತ್ತೇ? ನಮ್ಮ ಗದುಗಿನ, ಪುಣೆಯ ಭೀಮಸೇನ ಜೋಶಿ! ಅವರನ್ನು ಸೋಲಿಸಿ ಹಾಡಬೇಕೆಂದು ಕೇಳಿದಾಗ ತಾವು ಹೆದರಿಬಿಟ್ಟಿದ್ದಾಗಿ ಮನ್ನಾ ಡೇ ಹೇಳಿಕೊಂಡಿದ್ದಾರೆ. ಕಥೆಯಲ್ಲಿ ಭೀಮಸೇನರು ಸೋಲುತ್ತಾರೆ. ಕೇಳುವ ಕಿವಿಯಲ್ಲಿ ಅವರು ಸೋಲುವುದಿಲ್ಲ ಎಂಬುದೇ ಆ ದೃಶ್ಯದ ಫಜೀತಿ. ಭರತ್ ಭೂಷಣ್ ಏನು ಮಾಡಿದರೂ ಅಲ್ಲಿ ನಟನೆ ನಿಲ್ಲುವುದಿಲ್ಲ. ಮುಖ ಚೆಂದ, ಕಣ್ಣು ಒದ್ದೆ, ಆದರೆ ಹಾಡುವ ದೇಹವೇ ಇಲ್ಲ.

ನಾಟಕದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಭೀಮಸೇನರ ಗುರು, ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ಕಟ್ಟಿ ಹಾಡಿದವರು. ಬಾಲಗಂಧರ್ವರಂತೂ ಸರಿಯೇ ಸರಿ. ರೂಪ, ಮಾತು, ಹಾಡು ಮೂರೂ ಒಂದೇ ದೇಹದ್ದು. ಚೆಲುವಿಗೆ ಮಾರುಹೋದವನನ್ನು ಒಂದು ಅಪಸ್ವರ ಎಚ್ಚರಿಸುತ್ತಿತ್ತು. ಕನ್ನಡದಲ್ಲಿ ಗುಬ್ಬಿ ಕಂಪನಿಯ ಕಥೆಯೂ ಅದೇ. ಜಿ.ವಿ. ಅಯ್ಯರ್ ಬಂದದ್ದು ಆ ಕಂಪನಿಯಿಂದ, ರಾಜ್‌ಕುಮಾರ್ ಬಂದದ್ದೂ ಅಲ್ಲಿಂದಲೇ. ಸಿನಿಮಾ ಬಂದು ದನಿಯನ್ನೂ ಮುಖವನ್ನೂ ಬೇರೆ ಮಾಡಿತು. ಸ್ವತಃ ಹಾಡಬಲ್ಲ ರಾಜ್‌ಕುಮಾರ್ ಅವರಿಗೇ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಹಾಡಿದರು. 1966ರ 'ಸಂಧ್ಯಾರಾಗ'ದಲ್ಲಿ ಅಣ್ಣಾವ್ರು ಸಂಗೀತಗಾರನಾದಾಗ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರ ಕಂಠವೂ ಆ ಚಿತ್ರಕ್ಕೆ ಬಂತು.

ಹಂಸಗೀತೆ ಬಂದ 1975ರಲ್ಲೇ 'ಮಯೂರ' ಕೂಡ ಬಂತು. ದೇವುಡು ಅವರ ಕಾದಂಬರಿ, ಕದಂಬರ ಕಾಲ, ಕಿರೀಟ, ಕತ್ತಿ, ಕುದುರೆ. ಅಲ್ಲಿ ನಟನಿಗೆ ಉಡುಪೇ ಅರ್ಧ ಕೆಲಸ ಮಾಡಿಕೊಡುತ್ತದೆ. ಉಳಿದರ್ಧವನ್ನು ರಾಜ್ ತಮ್ಮ ಮಾತಿನ ಗತ್ತಿನಿಂದ ಗೆದ್ದರು. ಹಂಸಗೀತೆಯ ನಾಯಕನಿಗೆ ಕತ್ತಿಯೂ ಇಲ್ಲ, ಕಿರೀಟವೂ ಇಲ್ಲ. ಅವನು ಕೂತು ಹಾಡಬೇಕು. ಅದೂ ತನ್ನದಲ್ಲದ ದನಿಯಲ್ಲಿ.

ಕೂತು ಹಾಡುವಂತೆ ನಟಿಸುವುದು ಎಷ್ಟು ಕಷ್ಟ ಎಂದು ಸ್ಟುಡಿಯೋದಲ್ಲಿ ಗಾಯಕರ ಎದುರು ಕೂತವರಿಗೆ ಗೊತ್ತು. ಭಾವಗೀತೆಯಾದರೆ ಪದಗಳಿವೆ, ತುಟಿಗೆ ಆಧಾರವಿದೆ. ಆಲಾಪನೆಯಲ್ಲಿ ಪದವೇ ಇಲ್ಲ. ಬರೀ ಒಂದು ಅಕಾರ ಮೇಲೇರಿ, ತಿರುಗಿ, ನಡುಗಿ, ಇಳಿದು ಬರುತ್ತದೆ. ಅದು ತುಟಿಯ ಕೆಲಸವಲ್ಲ, ಹೊಟ್ಟೆಯ, ಎದೆಯ, ಕೊರಳಿನ ಕೆಲಸ. ಸ್ವರ ಎತ್ತುವ ಒಂದು ಕ್ಷಣ ಮೊದಲು ಉಸಿರು ಒಳಗೆ ಹೋಗಬೇಕು. ದನಿ ಮುಗಿದ ಮೇಲೂ ಮುಖದಲ್ಲಿ ಅದು ಸ್ವಲ್ಪ ಹೊತ್ತು ಇರಬೇಕು. ತೊಡೆಯ ಮೇಲಿನ ತಾಳ ತಪ್ಪಬಾರದು, ತಾಳದ ಕಡೆ ಗಮನವಿರುವುದೂ ಕಾಣಬಾರದು. ಸ್ವರಪ್ರಸ್ತಾರದ ವೇಗಕ್ಕಂತೂ ಯಾವ ನಟನ ತುಟಿಯೂ ಪೂರ್ತಿ ಸಾಲದು.

ಅನಂತ್ ಇದನ್ನು ಅರ್ಥ ಮಾಡಿಕೊಂಡಿದ್ದರು ಎಂದು ನನ್ನ ತೀರ್ಮಾನ. ಅವರು ಹಾಡುವವನ ಉಸಿರನ್ನು ಹಿಡಿದಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಅವರು ಕೇಳುತ್ತಾರೆ. ಸಂಗೀತಗಾರನ ಪಾತ್ರ ಮಾಡುವ ಹೆಚ್ಚಿನ ನಟರು ಹಾಡುವುದನ್ನು ಮಾತ್ರ ಅಭ್ಯಾಸ ಮಾಡಿರುತ್ತಾರೆ. ಎದುರಿನವನು ಹಾಡುವಾಗ ಅವರ ಮುಖ ಖಾಲಿ. ಕಲಿಯುವ ಹುಡುಗನಾಗಿ, ಹಮ್ಮಿನ ಯುವಕನಾಗಿ, ಸೋತು ಮಾಗಿದ ಗಾಯಕನಾಗಿ ಅನಂತ್ ಅವರ ಕಣ್ಣಿನಲ್ಲಿ ಕೇಳುವ ರೀತಿ ಬದಲಾಗುತ್ತ ಹೋಗುತ್ತದೆ. ಪಾತ್ರದ ಬೆಳವಣಿಗೆ ನಮಗೆ ತಿಳಿಯುವುದು ಅಲ್ಲಿಂದ. ಚೆಲುವೂ ಇಲ್ಲಿ ದಂಡವಾಗಿಲ್ಲ. ತನ್ನ ವಿದ್ಯೆಯ ಸೊಕ್ಕಿರುವ ಹುಡುಗ ನೋಡಲೂ ಚೆನ್ನಾಗಿದ್ದರೆ ಆ ಸೊಕ್ಕು ಇನ್ನೂ ನಂಬುವಂತಾಗುತ್ತದೆ.

ಕೊರತೆ ಇಲ್ಲವೇ? ಇದೆ. ಆಗ ಬಾಲಮುರಳಿಯವರಿಗೆ 45ರ ಪ್ರಾಯ, ಅನಂತ್ ಅವರಿಗೆ 27. ಕಣ್ಣು ಮುಚ್ಚಿ ಕೇಳಿದರೆ ಮಾತಾಡುವವನು ಒಬ್ಬ, ಹಾಡುವವನು ಅವನ ಚಿಕ್ಕಪ್ಪ ಅನಿಸುವ ಜಾಗಗಳಿವೆ. ಮಾತಿನಿಂದ ಹಾಡಿಗೆ ದಾಟುವ ಆ ಹೊಲಿಗೆ ನನ್ನಂಥ ಮೈಕಿನ ಮುಂದಿನವರಿಗೆ ಬೇಗ ಸಿಗುತ್ತದೆ. ಕಣ್ಣು ತೆರೆದರೆ ಹೊಲಿಗೆ ಮರೆಯಾಗುತ್ತದೆ. ಅದನ್ನು ಮರೆಮಾಡಿದ್ದು ಬರೀ ಮುಖದ ಚೆಂದವಾಗಿದ್ದರೆ ಭರತ್ ಭೂಷಣ್ ಕೂಡ ಗೆಲ್ಲಬೇಕಿತ್ತಲ್ಲ?

ಈಗ ಮತ್ತೆ ಆ ನಾಲಿಗೆಯ ಮಾತು. ಎರವಲು ಕಂಠದ ನಟನಿಗೆ ಕಂಠವನ್ನೇ ಬಿಟ್ಟುಕೊಡುವ ಪಾತ್ರ ಸಿಕ್ಕಿತು. ಕಥೆ ಆ ತುದಿಗೆ ಬರುವಾಗ ಬಾಲಮುರಳಿಯವರು ನೆರವಿಗೆ ಬರಲಾರರು. ಅಷ್ಟು ಹೊತ್ತು ಕೇಳಿದ ಸಂಗೀತದ ತೂಕವನ್ನೆಲ್ಲ ನಟ ಒಬ್ಬನೇ ಹೊರಬೇಕು. ಹಾಡುತ್ತಿದ್ದವನು ಈತನೇ ಎಂದು ಆ ಹೊತ್ತಿಗೆ ನಾವು ನಂಬಿಲ್ಲದಿದ್ದರೆ ತ್ಯಾಗಕ್ಕೆ ಬೆಲೆಯೇ ಇಲ್ಲ. ನಾವು ನಂಬಿರುತ್ತೇವೆ. ಹಿಂದಿನ ವರ್ಷ ಅಂಕುರ್‌ನಲ್ಲಿ ಮೂಗನ ಪಾತ್ರದ ನಟನಿಗೆ ಪ್ರಶಸ್ತಿ ಕೊಟ್ಟ ದೇಶ, ಮರುವರ್ಷ ಮೂಗನಾಗಲು ಹೊರಟ ಗಾಯಕನ ಪಾತ್ರಧಾರಿಯನ್ನು ಬಿಟ್ಟು ಅವನ ದನಿಗೆ ಪ್ರಶಸ್ತಿ ಕೊಟ್ಟಿತು!

ಅಂಕುರ್ ಸೂರ್ಯನನ್ನೂ ಈ ಕಣ್ಣಿನಿಂದಲೇ ಇನ್ನೊಮ್ಮೆ ನೋಡಬೇಕು. ಕಿಷ್ಟಯ್ಯ ಸೇಡಿಗೆ ಬರುತ್ತಿದ್ದಾನೆಂದು ಹೆದರಿ ಚಾಟಿ ಬೀಸುವಾಗ ಆ ಸುಂದರ ಮುಖ ಎಷ್ಟು ಕುರೂಪವಾಗುತ್ತದೆ! ಚೆಲುವ ನಟರಲ್ಲಿ ಎಷ್ಟು ಮಂದಿ ಅಷ್ಟು ಹೇಡಿಯಾಗಿ ಕಾಣಲು ಒಪ್ಪಿಯಾರು? 1975ರ 'ನಿಶಾಂತ್'ನಲ್ಲೂ ಅವರು ಜಮೀನ್ದಾರಿ ಮನೆಯ ದುಷ್ಟ ಸಹೋದರರಲ್ಲಿ ಒಬ್ಬರು. ನಮ್ಮ ಪುಣೆಯ ಡಾ. ಮೋಹನ್ ಆಗಾಶೆ ಇನ್ನೊಬ್ಬರು. ಅದೇ ವರ್ಷ ಅತ್ತ ಈ ದುಷ್ಟತನ, ಇತ್ತ ಹಂಸಗೀತೆಯ ವೈರಾಗ್ಯ.

ಬಾಲಮುರಳಿಯವರು 2016ರ ನವೆಂಬರಿನಲ್ಲಿ ತೀರಿಕೊಂಡರು. ಅದೇ ವರ್ಷ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ನೆನಪು ಕಳೆದುಕೊಂಡ ಮುದುಕನಾಗಿ ಬೀದಿಯಲ್ಲಿ ಅಲೆದರು. ನೆರೆತ ಗಡ್ಡ, ಕೆದರಿದ ಕೂದಲು. 'ಎಂಥಾ ನಟ' ಎಂದು ಊರೆಲ್ಲ ಹೊಗಳಿತು. 2025ರಲ್ಲಿ ಪದ್ಮಭೂಷಣ ಬಂತು. ಆ ಚಿತ್ರ ನೋಡಿ ಅವರನ್ನು ಮೆಚ್ಚಿದ ಕಿರಿಯ ಕೇಳುಗರು ಒಮ್ಮೆ ಹಂಸಗೀತೆ ಹುಡುಕಿ ನೋಡಿ. ಮೊದಲ ಸಲ ಪೂರ್ತಿ ಕೇಳಿಸಿಕೊಳ್ಳಿ. ಎರಡನೇ ಸಲ ಒಂದು ಕಛೇರಿಯ ದೃಶ್ಯದಲ್ಲಿ ದನಿಯನ್ನು ಪೂರ್ತಿ ತಗ್ಗಿಸಿ, ಅವರ ಕೊರಳನ್ನಷ್ಟೇ ನೋಡುತ್ತ ಕೂತುಕೊಳ್ಳಿ.