ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ವಿಕಲಚೇತನ ವಿದ್ಯಾರ್ಥಿಗಳ ಹಕ್ಕುಗಳು ಮತ್ತು ಸೌಲಭ್ಯಗಳು: ಪೋಷಕರಿಗೆ ಹಾಗೂ ಶಾಲೆಗಳಿಗೆ ಮಾಹಿತಿ

1. ಪೀಠಿಕೆ

ಹತ್ತನೇ ತರಗತಿಯ ಪರೀಕ್ಷೆಯು ವಿದ್ಯಾರ್ಥಿಯ ಮುಂದಿನ ವ್ಯಾಸಂಗ ಮತ್ತು ಉದ್ಯೋಗದ ದಾರಿಯನ್ನು ನಿರ್ಧರಿಸುವ ಮೊದಲ ಸಾರ್ವಜನಿಕ ಪರೀಕ್ಷೆಯಾಗಿರುತ್ತದೆ. ದೃಷ್ಟಿದೋಷ, ಶ್ರವಣದೋಷ, ಚಲನ ವೈಕಲ್ಯ, ಮಿದುಳಿನ ಪಾರ್ಶ್ವವಾಯು, ಕಲಿಕಾ ನ್ಯೂನತೆ ಮೊದಲಾದ ತೊಂದರೆಗಳಿರುವ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಇತರರೊಂದಿಗೆ ಸಮಾನವಾಗಿ ಬರೆಯಲು ಕಾನೂನು ಕೆಲವು ಸೌಲಭ್ಯಗಳನ್ನು ಒದಗಿಸಿದೆ. ಸೌಲಭ್ಯವಿದ್ದರೂ ಅದರ ಮಾಹಿತಿ ಸಕಾಲದಲ್ಲಿ ತಲುಪದಿರುವುದರಿಂದ ಅಥವಾ ಅರ್ಜಿ ಸಲ್ಲಿಸುವುದು ತಡವಾದುದರಿಂದ ಅನೇಕರು ಅದರಿಂದ ವಂಚಿತರಾಗುತ್ತಾರೆ. ಆದ್ದರಿಂದ ಪೋಷಕರು, ವಿದ್ಯಾರ್ಥಿಗಳು ಹಾಗೂ ಶಾಲಾ ಮುಖ್ಯಸ್ಥರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಈ ಸೌಲಭ್ಯಗಳು ಕೃಪಾಂಕಗಳಲ್ಲ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಇತಿಹಾಸದ ಪ್ರಶ್ನೆಗೆ ಉತ್ತರ ಗೊತ್ತಿರುವ ಅಂಧ ವಿದ್ಯಾರ್ಥಿಯು ಅದನ್ನು ಲಿಪಿಕಾರನಿಗೆ ಹೇಳಿ ಬರೆಸಿದಾಗ ಆತನ ಇತಿಹಾಸದ ಜ್ಞಾನವೇ ಮೌಲ್ಯಮಾಪನಕ್ಕೆ ಒಳಪಡುತ್ತದೆ. ಲಿಪಿಕಾರನಿಲ್ಲದಿದ್ದಲ್ಲಿ ಅಳೆಯಲ್ಪಡುವುದು ಆತನ ದೃಷ್ಟಿ ಮಾತ್ರ.

2. ಕಾನೂನಿನ ಆಧಾರ

1995ರ ವಿಕಲಚೇತನರ ಅಧಿನಿಯಮವು ಅಂಧ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳಿಗಾಗಿ ಪರೀಕ್ಷೆಯಿಂದ ಶುದ್ಧ ಗಣಿತದ ಪ್ರಶ್ನೆಗಳನ್ನು ತೆಗೆದುಹಾಕುವುದನ್ನೂ, ಶ್ರವಣದೋಷವುಳ್ಳವರು ಒಂದೇ ಭಾಷೆಯನ್ನು ಕಲಿಯಲು ಅವಕಾಶ ನೀಡುವುದನ್ನೂ ಸೂಚಿಸಿತ್ತು. ಕಷ್ಟವಾದುದನ್ನು ಕೈಬಿಡುವುದೇ ಅಂದಿನ ಪ್ರಧಾನ ಪರಿಹಾರವಾಗಿತ್ತು.

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರಚಿತವಾದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-4-2017ರಿಂದ ಜಾರಿಗೆ ಬಂದಿತು. ಹಿಂದಿನ 7 ಬಗೆಯ ವೈಕಲ್ಯಗಳ ಬದಲಿಗೆ 21 ಬಗೆಗಳನ್ನು ಈ ಅಧಿನಿಯಮವು ಗುರುತಿಸಿದೆ. ಶಿಕ್ಷಣಕ್ಕೆ ಸಂಬಂಧಿಸಿದ ಮುಖ್ಯ ಉಪಬಂಧಗಳು ಈ ಕೆಳಕಂಡಂತಿವೆ.

(ಅ) ಪ್ರಕರಣ 16: ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳು ವಿಕಲಚೇತನ ಮಕ್ಕಳಿಗೆ ಒಳಗೊಳ್ಳುವ ಶಿಕ್ಷಣ ನೀಡಬೇಕು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಬೇಕು. ಪ್ರತಿಯೊಬ್ಬ ವಿಕಲಚೇತನ ವಿದ್ಯಾರ್ಥಿಯ ಭಾಗವಹಿಸುವಿಕೆ, ಕಲಿಕೆಯ ಮಟ್ಟ ಹಾಗೂ ಶಿಕ್ಷಣದ ಪೂರ್ಣಗೊಳಿಸುವಿಕೆಯ ಮೇಲೆ ನಿಗಾ ಇಡಬೇಕು.

(ಆ) ಪ್ರಕರಣ 17: ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಯಲ್ಲಿ ಸೂಕ್ತ ಮಾರ್ಪಾಡು ಮಾಡಬೇಕು. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವುಗಳನ್ನು ಅಧಿನಿಯಮವೇ ಉದಾಹರಣೆಯಾಗಿ ಹೆಸರಿಸಿದೆ.

(ಇ) ಪ್ರಕರಣ 31: ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ.

3. ಶೇಕಡಾ 40ಕ್ಕಿಂತ ಕಡಿಮೆ ವೈಕಲ್ಯವಿದ್ದಲ್ಲಿ

"ಪ್ರಮಾಣಪತ್ರದಲ್ಲಿ ಶೇ. 40 ಇಲ್ಲ, ಆದುದರಿಂದ ಏನೂ ದೊರೆಯುವುದಿಲ್ಲ" ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಇದು ಸರಿಯಲ್ಲ. ವಿಕಾಶ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಮೊಕದ್ದಮೆಯಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 11-2-2021ರಂದು ತೀರ್ಪು ನೀಡಿ, ಲಿಪಿಕಾರರ ಸೌಲಭ್ಯವನ್ನು ಶೇ. 40ರ ಮಿತಿಗೆ ಸೀಮಿತಗೊಳಿಸುವಂತಿಲ್ಲ ಎಂದು ತಿಳಿಸಿತು. ಅರ್ಜಿದಾರರಿಗೆ ಬರೆಯುವಾಗ ಕೈ ಬಿಗಿಯುವ ತೊಂದರೆಯಿತ್ತು. ಶೇಕಡಾವಾರು ಮಿತಿಯು ಮೀಸಲಾತಿಯಂತಹ ನಿರ್ದಿಷ್ಟ ಸವಲತ್ತುಗಳಿಗೆ ಸಂಬಂಧಿಸಿದ್ದು, ಸಮಂಜಸ ಹೊಂದಾಣಿಕೆಯು ಎಲ್ಲ ವಿಕಲಚೇತನರ ಹಕ್ಕಾಗಿದೆ ಎಂಬುದು ತೀರ್ಪಿನ ಸಾರ. ಇದನ್ನು ಅನುಸರಿಸಿ ಕೇಂದ್ರ ಸರ್ಕಾರವು ಶೇ. 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ತೊಂದರೆಯಿರುವವರಿಗಾಗಿ ದಿನಾಂಕ 10-8-2022ರಂದು ಪ್ರತ್ಯೇಕ ಮಾರ್ಗಸೂಚಿಗಳನ್ನು ಹೊರಡಿಸಿತು.

ಇಂತಹ ಸಂದರ್ಭದಲ್ಲಿ ವೈಕಲ್ಯದ ಪ್ರಮಾಣಕ್ಕಿಂತಲೂ "ಬರೆಯುವ ಸಾಮರ್ಥ್ಯಕ್ಕೆ ಮಿತಿ ಇದೆ" ಎಂಬ ಸರ್ಕಾರಿ ವೈದ್ಯಾಧಿಕಾರಿಗಳ ಸ್ಪಷ್ಟ ದೃಢೀಕರಣ ಮುಖ್ಯವಾಗುತ್ತದೆ. ಪೋಷಕರು ವೈದ್ಯರಲ್ಲಿ ಈ ಅಂಶವನ್ನು ಕೋರಿ ಬರೆಸಿಕೊಳ್ಳತಕ್ಕದ್ದು.

4. ದೊರೆಯಬಹುದಾದ ಸೌಲಭ್ಯಗಳು

ಕೇಂದ್ರ ಸರ್ಕಾರದ 2013 ಮತ್ತು 2018ರ ಮಾರ್ಗಸೂಚಿಗಳು ಲಿಖಿತ ಪರೀಕ್ಷೆಗಳಿಗೆ ರೂಪಿಸಿದ ಮುಖ್ಯ ಅಂಶಗಳು ಇಂತಿವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಅನ್ವಯವಾಗುವ ನಿಖರ ವಿವರಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಆಯಾ ವರ್ಷ ಹೊರಡಿಸುವ ಸುತ್ತೋಲೆಯಲ್ಲಿ ನೋಡತಕ್ಕದ್ದು.

ಹೆಚ್ಚುವರಿ ಸಮಯ: ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಈ ಲೆಕ್ಕದಲ್ಲಿ 3 ಗಂಟೆಯ ಪತ್ರಿಕೆಗೆ 60 ನಿಮಿಷ, 2 ಗಂಟೆಯ ಪತ್ರಿಕೆಗೆ 40 ನಿಮಿಷ ದೊರೆಯುತ್ತದೆ. ಲಿಪಿಕಾರರ ನೆರವು ಪಡೆಯದೆ ಸ್ವತಃ ಬರೆಯುವ ಅರ್ಹ ಅಭ್ಯರ್ಥಿಗೂ ಈ ಸಮಯ ಲಭ್ಯ.

ಲಿಪಿಕಾರ ಅಂದರೆ ಸ್ಕ್ರೈಬ್: ಅಭ್ಯರ್ಥಿಯು ತನ್ನದೇ ಲಿಪಿಕಾರರನ್ನು ಕರೆತರಲು ಅಥವಾ ಪರೀಕ್ಷಾ ಸಂಸ್ಥೆಯಿಂದ ಕೋರಲು 2018ರ ಮಾರ್ಗಸೂಚಿ ಅವಕಾಶ ನೀಡಿತ್ತು. ಸಂಸ್ಥೆಯೇ ಒದಗಿಸಿದಲ್ಲಿ, ಅವರು ತನಗೆ ಸೂಕ್ತವೇ ಎಂದು ಪರಿಶೀಲಿಸಲು ಪರೀಕ್ಷೆಗೆ ಎರಡು ದಿನ ಮೊದಲು ಅವರನ್ನು ಭೇಟಿಯಾಗುವ ಅವಕಾಶವನ್ನೂ ಅದು ನೀಡಿತ್ತು. ಭಾಷಾ ಪತ್ರಿಕೆಗಳಿಗೆ ಬೇರೆ ಬೇರೆ ಲಿಪಿಕಾರರನ್ನು ಪಡೆಯಬಹುದು. ಒಂದು ವಿಷಯಕ್ಕೆ ಒಬ್ಬರು ಮಾತ್ರ.

ಪ್ರಶ್ನೆಪತ್ರಿಕೆಯ ರೂಪ: ಬ್ರೈಲ್, ದೊಡ್ಡ ಅಕ್ಷರ ಅಥವಾ ಕಂಪ್ಯೂಟರ್ ಮುಂತಾದ ಆಯ್ಕೆಗಳು.

ಸಾಧನಗಳು: ಬ್ರೈಲ್ ಸ್ಲೇಟ್, ಮಣಿಚೌಕಟ್ಟು, ಟೇಲರ್ ಫ್ರೇಮ್, ಬ್ರೈಲ್ ಅಳತೆಪಟ್ಟಿ, ಸಂವಹನ ಸಾಧನ ಇತ್ಯಾದಿ.

ಕೊಠಡಿ: ನೆಲಮಹಡಿಯಲ್ಲಿ, ಗಾಲಿಕುರ್ಚಿ ತಲುಪುವಂತಹ ಸ್ಥಳ ಹಾಗೂ ಅನುಕೂಲಕರ ಆಸನ.

5. ಪರ್ಯಾಯ ವಿಷಯ ಆರಿಸುವ ಮುನ್ನ

ಎಸ್.ಎಸ್.ಎಲ್.ಸಿ.ಯಲ್ಲಿ ಅರ್ಹ ವಿಕಲಚೇತನ ಅಭ್ಯರ್ಥಿಗಳು ಗಣಿತ ಮತ್ತು ವಿಜ್ಞಾನಕ್ಕೆ ಬದಲಾಗಿ ಪರ್ಯಾಯ ವಿಷಯಗಳನ್ನು ಆರಿಸುವ ಪದ್ಧತಿ ಬಹುಕಾಲದಿಂದ ಇದೆ. ಹಿಂದಿನ ವರ್ಷಗಳ ವೇಳಾಪಟ್ಟಿಗಳಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರವನ್ನೂ, ವಿಜ್ಞಾನದ ದಿನವೇ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ ಹಾಗೂ ಕರ್ನಾಟಕ ಸಂಗೀತ ಪತ್ರಿಕೆಗಳನ್ನೂ ಕಾಣಬಹುದು.

ಈ ಆಯ್ಕೆಯಿಂದ ಅನೇಕರಿಗೆ ನಿಜವಾದ ಅನುಕೂಲವಾಗಿದೆ. ಆದರೆ ಇದರ ಪರಿಣಾಮವನ್ನು ಪೋಷಕರು ಪೂರ್ಣವಾಗಿ ತಿಳಿದಿರಬೇಕು. ಪಾಲಿಟೆಕ್ನಿಕ್ ಡಿಪ್ಲೊಮಾ ಪ್ರವೇಶಕ್ಕೆ ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನದ ಅಂಕಗಳನ್ನು ಪರಿಗಣಿಸಲಾಗುತ್ತದೆ. ಪದವಿಪೂರ್ವ ವಿಜ್ಞಾನ ವಿಭಾಗದ ವ್ಯಾಸಂಗಕ್ಕೂ ಇವೇ ಬುನಾದಿ. ಈ ವಿಷಯಗಳನ್ನು ಬಿಟ್ಟ ವಿದ್ಯಾರ್ಥಿಗೆ ಆ ದಾರಿಗಳು ಬಹುತೇಕ ಮುಚ್ಚಿಹೋಗುತ್ತವೆ. ಕಲಾ ವಿಭಾಗದ ದಾರಿ ತೆರೆದಿರುತ್ತದೆ.

ಆದ್ದರಿಂದ ನಿರ್ಧಾರಕ್ಕೆ ಮುನ್ನ ಕೆಳಗಿನ ಪ್ರಶ್ನೆಗಳನ್ನು ಶಾಲೆಯೊಂದಿಗೆ ಚರ್ಚಿಸುವುದು ಸೂಕ್ತ. ವಿದ್ಯಾರ್ಥಿಗೆ ವಿಷಯವೇ ಕಷ್ಟವೋ, ಅಥವಾ ವಿಷಯವನ್ನು ಕಲಿಸಿದ ರೀತಿ ಮತ್ತು ಸಾಧನಗಳ ಕೊರತೆ ಕಷ್ಟವೋ? ಹೆಚ್ಚುವರಿ ಸಮಯ, ಲಿಪಿಕಾರ ಹಾಗೂ ಬ್ರೈಲ್ ಸಾಧನಗಳಿದ್ದಲ್ಲಿ ಅದೇ ವಿಷಯವನ್ನು ಬರೆಯಲು ಸಾಧ್ಯವೇ? ವಿದ್ಯಾರ್ಥಿಯ ಸ್ವಂತ ಇಚ್ಛೆ ಏನು? ವಿನಾಯಿತಿಯು ಕೇಳಿ ಪಡೆಯುವ ಸೌಲಭ್ಯವಾಗಿದ್ದು, ಶಾಲೆಯು ಅದನ್ನು ಕಡ್ಡಾಯವೆಂಬಂತೆ ಹೇರುವುದು ಅಧಿನಿಯಮದ ಆಶಯಕ್ಕೆ ವಿರುದ್ಧ. ಭಾಷಾ ವಿನಾಯಿತಿಗೂ ಇದೇ ಮಾತು ಅನ್ವಯಿಸುತ್ತದೆ.

6. ಅರ್ಜಿ ಸಲ್ಲಿಸುವ ಕ್ರಮ

(1) ವೈಕಲ್ಯ ಪ್ರಮಾಣಪತ್ರ: ದಿನಾಂಕ 1-6-2021ರಿಂದ ಈ ಪ್ರಮಾಣಪತ್ರಗಳನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಹಳೆಯ ಕಾಗದದ ಪ್ರಮಾಣಪತ್ರ ಮಾತ್ರ ಇರುವವರು ಒಂಬತ್ತನೇ ತರಗತಿಯಲ್ಲಿಯೇ ಇದನ್ನು ಪಡೆದುಕೊಳ್ಳುವುದು ಒಳಿತು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಥವಾ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಮಾಹಿತಿ ದೊರೆಯುತ್ತದೆ. ಪ್ರಮಾಣೀಕರಿಸುವ ಪ್ರಾಧಿಕಾರದ ನಿರ್ಣಯ ಒಪ್ಪಿಗೆಯಾಗದಿದ್ದಲ್ಲಿ ಪ್ರಕರಣ 59ರ ಅಡಿಯಲ್ಲಿ ಮೇಲ್ಮನವಿಗೆ ಅವಕಾಶವಿದೆ.

(2) ಕಲಿಕಾ ನ್ಯೂನತೆ: 2018ರ ಜನವರಿಯ ಮಾರ್ಗಸೂಚಿಗಳು 8 ವರ್ಷ ತುಂಬಿದ ಮಕ್ಕಳಿಗೆ ಪ್ರಮಾಣಪತ್ರ ನೀಡಿ, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡುವಂತೆ ತಿಳಿಸಿದ್ದವು. 14ನೇ ವಯಸ್ಸು ಒಂಬತ್ತನೇ ತರಗತಿಯ ಆಸುಪಾಸಿಗೆ ಬರುವುದರಿಂದ, ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ಪೋಷಕರು ಆಗಲೇ ಪರಿಶೀಲಿಸತಕ್ಕದ್ದು.

(3) ಲಿಖಿತ ಮನವಿ: ಬೇಕಾದ ಪ್ರತಿಯೊಂದು ಸೌಲಭ್ಯವನ್ನು ಪ್ರತ್ಯೇಕವಾಗಿ ಹೆಸರಿಸಿ ಶಾಲಾ ಮುಖ್ಯಸ್ಥರಿಗೆ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯಬೇಕು. "ಸೂಕ್ತ ಸೌಲಭ್ಯ ನೀಡಿರಿ" ಎಂದಷ್ಟೇ ಬರೆದಲ್ಲಿ ಸಾಲದು. ಅಭ್ಯರ್ಥಿಗಳ ನೋಂದಣಿಯ ಸಮಯದಲ್ಲಿಯೇ ಈ ವಿವರಗಳು ದಾಖಲಾಗಬೇಕು.

(4) ಪ್ರವೇಶಪತ್ರದ ಪರಿಶೀಲನೆ: ಪ್ರವೇಶಪತ್ರ ಕೈಸೇರಿದ ದಿನವೇ ವಿಷಯಗಳು, ಭಾಷೆಗಳು ಹಾಗೂ ವಿನಾಯಿತಿಗಳು ಸರಿಯಾಗಿವೆಯೇ ಎಂದು ನೋಡಿ, ವ್ಯತ್ಯಾಸವಿದ್ದಲ್ಲಿ ಕೂಡಲೇ ಮುಖ್ಯಸ್ಥರ ಗಮನಕ್ಕೆ ತರತಕ್ಕದ್ದು. ಅನುಮತಿ ಪತ್ರದ ಪ್ರತಿಯನ್ನು ಪರೀಕ್ಷಾ ದಿನಗಳಂದು ಜೊತೆಯಲ್ಲಿ ಇಟ್ಟುಕೊಳ್ಳಬೇಕು.

(5) ಅಭ್ಯಾಸ: ಲಿಪಿಕಾರರಿಗೆ ಹೇಳಿ ಬರೆಸುವುದು ರೂಢಿಯಿಂದ ಬರುವ ಕೌಶಲ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿಯೂ ಇದೇ ಸೌಲಭ್ಯವನ್ನು ಕೇಳಿ ಪಡೆಯುವುದು ಸೂಕ್ತ.

7. ಸಕಾಲದಲ್ಲಿ ಕೇಳುವುದರ ಮಹತ್ವ

2021ರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಬರವಣಿಗೆಯ ನ್ಯೂನತೆಯಿದ್ದ ಒಬ್ಬ ಅಭ್ಯರ್ಥಿಗೆ ಒಂದು ಗಂಟೆಯ ಹೆಚ್ಚುವರಿ ಸಮಯ ನೀಡದೆ ಉತ್ತರಪತ್ರಿಕೆಯನ್ನು ಹಿಂಪಡೆಯಲಾಗಿತ್ತು. ದಿನಾಂಕ 23-11-2021ರಂದು ಸರ್ವೋಚ್ಚ ನ್ಯಾಯಾಲಯವು ಇದು ಅನ್ಯಾಯವೆಂದು ಒಪ್ಪಿ, ಅದನ್ನು ಸರಿಪಡಿಸುವ ಕ್ರಮವನ್ನು ಪರಿಶೀಲಿಸಲು ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಹಕ್ಕು ಸಾಬೀತಾದರೂ ಕಳೆದುಹೋದ ಗಂಟೆ ಮರಳಲಿಲ್ಲ. ಕೊಠಡಿಯಲ್ಲಿ ಸೌಲಭ್ಯ ನಿರಾಕರಿಸಿದಲ್ಲಿ ಆ ಕ್ಷಣವೇ ಅನುಮತಿ ಪತ್ರವನ್ನು ತೋರಿಸಿ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ತಿಳಿಸಬೇಕು. ಅದೇ ದಿನ ಲಿಖಿತ ದೂರನ್ನೂ ನೀಡಬೇಕು.

8. ಶಾಲೆಗಳ ಹೊಣೆಗಾರಿಕೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್‌ನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ದಾಖಲಿಸಲಾಗುತ್ತದೆ. ಅಲ್ಲಿ ಬಿಟ್ಟುಹೋದ ಮಗುವು ಸಾಧನ ಸಾಮಗ್ರಿ, ಸಂಪನ್ಮೂಲ ಶಿಕ್ಷಕರು ಹಾಗೂ ಅನುದಾನದ ಲೆಕ್ಕದಲ್ಲಿಯೂ ಬಿಟ್ಟುಹೋಗುತ್ತದೆ. ಪೋಷಕರು ತಮ್ಮ ಮಗುವಿನ ವಿವರ ಸರಿಯಾಗಿ ನಮೂದಾಗಿದೆಯೇ ಎಂದು ಶಾಲೆಯಲ್ಲಿ ವಿಚಾರಿಸಬಹುದು.

ಪರೀಕ್ಷೆಗೂ ಇದೇ ನಿಯಮ ಅನ್ವಯಿಸುತ್ತದೆ. ಶಾಲೆಯ ಒಟ್ಟು ಫಲಿತಾಂಶ ಕಡಿಮೆಯಾಗುತ್ತದೆಂಬ ಕಾರಣಕ್ಕೆ ವಿಕಲಚೇತನ ವಿದ್ಯಾರ್ಥಿಯ ನೋಂದಣಿಯನ್ನು ಮುಂದೂಡುವುದು, ಗೈರುಹಾಜರಾಗಲು ಸೂಚಿಸುವುದು ಅಥವಾ ವರ್ಗಾವಣೆ ಪತ್ರ ಪಡೆಯಲು ಒತ್ತಾಯಿಸುವುದು ಪ್ರಕರಣ 16ರ ಕರ್ತವ್ಯಗಳಿಗೆ ವ್ಯತಿರಿಕ್ತ. ಹಾಜರಾಗದ ಮಗುವಿನಿಂದ ಶೇಕಡಾವಾರು ಏರಿದಂತೆ ಕಂಡರೂ, ಆ ಅಂಕಿಯು ಶಾಲೆ ಏನು ಕಲಿಸಿತು ಎಂಬುದನ್ನು ಹೇಳುವುದಿಲ್ಲ. ಅಧಿನಿಯಮದ ಉಲ್ಲಂಘನೆಗೆ ಪ್ರಕರಣ 89ರ ಅಡಿಯಲ್ಲಿ ಮೊದಲ ಬಾರಿಗೆ ರೂ. 10,000ದವರೆಗೆ, ನಂತರದ ಉಲ್ಲಂಘನೆಗೆ ರೂ. 50,000ಕ್ಕೆ ಕಡಿಮೆಯಿಲ್ಲದಂತೆ ರೂ. 5 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ.

9. ಕುಂದುಕೊರತೆ ನಿವಾರಣೆ

ಮೊದಲ ಹಂತ: ಶಾಲಾ ಮುಖ್ಯಸ್ಥರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳು. ತಾಲ್ಲೂಕಿನ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರ ನೆರವನ್ನೂ ಪಡೆಯಬಹುದು.

ಎರಡನೇ ಹಂತ: ಜಿಲ್ಲಾ ಉಪನಿರ್ದೇಶಕರ ಕಚೇರಿ. ವಿಕಲಚೇತನ ಮಕ್ಕಳ ಪ್ರವೇಶ ಹಾಗೂ ಸೌಲಭ್ಯಗಳ ವಿಚಾರಕ್ಕಾಗಿ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ನೋಡಲ್ ಅಧಿಕಾರಿ ಇರಬೇಕೆಂದು 2017ರ ಕೇಂದ್ರ ನಿಯಮಗಳು ತಿಳಿಸಿವೆ.

ಮೂರನೇ ಹಂತ: ವಿಕಲಚೇತನ ವ್ಯಕ್ತಿಗಳ ರಾಜ್ಯ ಆಯುಕ್ತರು. ಆಯುಕ್ತರ ಶಿಫಾರಸಿನ ಮೇಲೆ ಸಂಬಂಧಿಸಿದ ಪ್ರಾಧಿಕಾರವು ಕ್ರಮ ಕೈಗೊಂಡು ಮೂರು ತಿಂಗಳೊಳಗೆ ವರದಿ ನೀಡಬೇಕು.

ಮನವಿಯ ಸ್ಥಿತಿ ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಿ 30 ದಿನಗಳೊಳಗೆ ಉತ್ತರ ಪಡೆಯಬಹುದು.

10. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಲಿಪಿಕಾರರನ್ನು ಪಡೆದರೆ ಹೆಚ್ಚುವರಿ ಸಮಯ ಕಡಿತವಾಗುವುದೇ?
ಉತ್ತರ: ಇಲ್ಲ. ಎರಡೂ ಪ್ರತ್ಯೇಕ ಸೌಲಭ್ಯಗಳು.

ಪ್ರಶ್ನೆ: ಒಂದು ಪರೀಕ್ಷೆಯಲ್ಲಿ ಸೌಲಭ್ಯ ದೊರೆಯದೆ ಅನುತ್ತೀರ್ಣನಾದರೆ?
ಉತ್ತರ: 2024ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಡೆಸಲಾಗುತ್ತಿದೆ. ಮುಂದಿನ ಪರೀಕ್ಷೆಯ ನೋಂದಣಿಯ ವೇಳೆಗೇ ಸೌಲಭ್ಯದ ಅನುಮತಿ ಪಡೆಯತಕ್ಕದ್ದು.

ಪ್ರಶ್ನೆ: ಕಲಿಕಾ ನ್ಯೂನತೆಯು ಹೊರನೋಟಕ್ಕೆ ಕಾಣುವುದಿಲ್ಲ. ಅದಕ್ಕೂ ಸೌಲಭ್ಯವಿದೆಯೇ?
ಉತ್ತರ: ಇದೆ. ಓದು, ಬರಹ ಮತ್ತು ಗಣನೆಯ ನ್ಯೂನತೆಗಳು 2016ರ ಅಧಿನಿಯಮದ 21 ಬಗೆಗಳಲ್ಲಿ ಸೇರಿವೆ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮಗಳು ಹಾಗೂ ಮಂಡಳಿಯು ಕಾಲಕಾಲಕ್ಕೆ ಹೊರಡಿಸುವ ಸುತ್ತೋಲೆಗಳೇ ಅಂತಿಮ.